ಇಪ್ಪತ್ತನೇ ನಿಮಿಷಕ್ಕೆ ನಿಲ್ಲುವ ಪಂಪು

ಎರಡನೇ ಪಂಪು ಹತ್ತು ದಿನದಿಂದ ಹಟ ಹಿಡಿದಿತ್ತು. ಬೆಳಿಗ್ಗೆ ಆರಕ್ಕೆ ಗುಂಡಿ ಒತ್ತಿದರೆ ಯಾವ ತಕರಾರೂ ಇಲ್ಲದೆ ತಿರುಗಲು ಶುರುಮಾಡುತ್ತಿತ್ತು. ಹೊಗೆಯಿಲ್ಲ, ಸುಟ್ಟ ವಾಸನೆಯಿಲ್ಲ, ಕಿರಿಚಾಟವಿಲ್ಲ. ಇಪ್ಪತ್ತು ನಿಮಿಷ ಕಳೆಯಿತೋ ಇಲ್ಲವೋ, ಗೋಡೆಯ ಮೇಲಿನ ಡ್ರೈವಿನಲ್ಲಿ ಕೆಂಪು ದೀಪ ಹತ್ತಿ, ಪುಟ್ಟ ಪರದೆಯಲ್ಲಿ ‘ಓವರ್‌ಲೋಡ್’ ಎಂದು ಮೂಡಿ, ಎಲ್ಲ ತಣ್ಣಗೆ. ಮೊದಮೊದಲು ದಿನಕ್ಕೊಮ್ಮೆ ಹೀಗೆ ಮಾಡುತ್ತಿದ್ದುದು ಈಗ ಚಾಲೂ ಮಾಡಿದಾಗಲೆಲ್ಲ ಮಾಡತೊಡಗಿತ್ತು.

ಡ್ರೈವೆಂದರೆ ಮೋಟರಿನ ಲಗಾಮು. ಅದರ ವೇಗವನ್ನು ಬೇಕಾದಷ್ಟು ಏರಿಸಿ ಇಳಿಸುತ್ತದೆ. ಮೋಟರು ಮಿತಿ ಮೀರಿ ಕರೆಂಟು ಎಳೆಯತೊಡಗಿದರೆ ಸುಟ್ಟುಹೋಗುವ ಮೊದಲೇ ನಿಲ್ಲಿಸುತ್ತದೆ, ಅದಕ್ಕೇ ಟ್ರಿಪ್ ಆಗುವುದು ಎನ್ನುತ್ತಾರೆ. ಆ ಪಂಪ್‌ಹೌಸಿನಲ್ಲಿ ಡ್ರೈವುಗಳ ಹೊಣೆ ಊರವರು ಕರೆಂಟಕ್ಕ ಎಂದು ಕರೆಯುವವಳದು. ನೀರು ಸರಬರಾಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಎಲೆಕ್ಟ್ರಿಷಿಯನ್. ಒಂದನೇ ಪಂಪು ತಗ್ಗಿನ ಬೀದಿಗಳಿಗೆ, ಎರಡನೆಯದು ದಿಬ್ಬದ ಮೇಲಿನ ಟ್ಯಾಂಕಿಗೆ. ಹೀಗಾಗಿ ಹತ್ತು ದಿನದಿಂದ ದಿಬ್ಬದವರ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಪಂಪಿನ ಹೊಣೆ ಹೊತ್ತ ಫಿಟ್ಟರ್ ಬೇರೆ ಯಾರೂ ಅಲ್ಲ, ಅವಳ ಗಂಡನ ತಮ್ಮ. ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಹುಟ್ಟಿದವನು ಎಂದು ಎಲ್ಲರೂ ಹೇಳುವಂಥ ಕೆಲಸಗಾರ. ಒಂದೇ ಮನೆ, ಕರೆಂಟಕ್ಕನ ಸಂಸಾರ ಕೆಳಗೆ, ಇವನದು ಮೇಲೆ, ಊಟ ಮಾತ್ರ ಒಟ್ಟಿಗೆ. ಅತ್ತಿಗೆಯೂ ಮೈದುನನೂ ಒಂದೇ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದರು. ಆದರೆ ಎರಡನೇ ಪಂಪಿನ ವಿಷಯಕ್ಕೆ ಬಂದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

“ಹನ್ನೆರಡು ದಿನದ ಹಿಂದೆ ನೀನು ಪಂಪಿಗೆ ಹೊಸ ಪ್ಯಾಕಿಂಗ್ ಹಾಕಿದೆ. ಅದಾದ ಎರಡು ದಿನಕ್ಕೆ ಇದು ಶುರು,” ಎಂದಳು ಕರೆಂಟಕ್ಕ. ಪ್ಯಾಕಿಂಗೆಂದರೆ ತಿರುಗುವ ಶಾಫ್ಟಿನ ಸುತ್ತ ನೀರು ಹೆಚ್ಚು ಸೋರದಂತೆ ಬಿಗಿಯುವ ಹಗ್ಗ. “ಬಿಗಿ ಜಾಸ್ತಿಯಾಗಿ ಶಾಫ್ಟನ್ನ ಹಿಡ್ಕೊಂಡಿರಬೇಕು. ನೋಡಿಬಿಡು ಒಂದು ಸಲ.”

“ಅತ್ತಿಗೆ, ನಾನು ಪ್ಯಾಕಿಂಗ್ ಹಾಕೋದು ಇವತ್ತಲ್ಲ ನಿನ್ನೆಯಲ್ಲ. ಹನಿ ಹನಿಯಾಗಿ ನೀರು ತೊಟ್ಟಿಕ್ತಾ ಇದೆ, ಹೇಗಿರಬೇಕೋ ಹಾಗೇ. ನಿಮ್ಮ ಡ್ರೈವೇ ಸುಮ್ಮಸುಮ್ನೆ ಹೆದರಿಕೊಳ್ತಿದೆ. ಹಳೇ ಸ್ಟಾರ್ಟರ್ ಇದ್ದಾಗ ಇಂಥ ನಖರಾ ಇತ್ತಾ?”

“ಹಳೇ ಸ್ಟಾರ್ಟರ್ ಇದ್ದಾಗ ಮೋಟರು ಎರಡು ಸಲ ಸುಟ್ಟಿತ್ತು. ಮರೆತೆಯಾ?”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದುಬಿಟ್ಟ ಮೈದುನ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ ಮಾತು ಆಡಿ ಆಗಿತ್ತು. ಅವತ್ತು ಸಂಜೆ ಅವನು ಮನೆಗೆ ನಡೆದುಕೊಂಡೇ ಹೋದ.

ಊಟಕ್ಕೆ ಕೂತಾಗ ಇಬ್ಬರೂ ಎದುರುಬದುರು. ಉಪ್ಪು ಅವಳ ಕೈಗೆ ಹತ್ತಿರ, ಬೇಕಾದದ್ದು ಅವನಿಗೆ. “ಅಮ್ಮಾ, ಅತ್ತಿಗೆಗೆ ಉಪ್ಪು ಈ ಕಡೆ ಕೊಡೋಕೆ ಹೇಳು,” ಎಂದ. ಅತ್ತೆ ತಟ್ಟೆಯಿಂದ ತಲೆ ಎತ್ತಿ ಮಗನನ್ನೂ ಸೊಸೆಯನ್ನೂ ನೋಡಿದರು. ಎಪ್ಪತ್ತೆರಡರ ಹೆಂಗಸು, ಮಾತಿನಲ್ಲಿ ಈಗಲೂ ಮೂವತ್ತರ ಚುರುಕು.

“ಏನ್ರೋ ಇದು, ಪಂಪ್‌ಹೌಸಲ್ಲಿ ಟ್ರಿಪ್ ಆಗಿದ್ದು ಸಾಲದು ಅಂತ ಮನೇಲೂ ಟ್ರಿಪ್ಪಾ?” ಎಂದರು. ಮೂಲೆಯಲ್ಲಿ ಅಂಗಿಗೆ ಗುಂಡಿ ಹಚ್ಚುತ್ತಿದ್ದ ಕರೆಂಟಕ್ಕನ ಗಂಡ, ಆತ ದರ್ಜಿ, ಬಾಯಲ್ಲಿದ್ದ ದಾರ ಉಗುಳಿ ನಕ್ಕ. ನಗು ಅವನಿಂದ ಮೈದುನನ ಹೆಂಡತಿಗೆ ಹತ್ತಿತು, ಅವಳಿಂದ ಮಕ್ಕಳಿಗೆ. ಕರೆಂಟಕ್ಕನೂ ತುಟಿ ಬಿಗಿಹಿಡಿದು ಉಪ್ಪಿನ ಬಟ್ಟಲನ್ನು ತಳ್ಳಿದಳು.

“ನಾಳೆ ಬೆಳಿಗ್ಗೆ ಎರಡನ್ನೂ ಬಿಚ್ಚೋಣ,” ಎಂದಳು. “ಮೊದಲು ನನ್ನದು. ಅದರಲ್ಲಿ ತಪ್ಪಿಲ್ಲ ಅಂದ್ರೆ ಆಮೇಲೆ ನಿನ್ನದು.”

ಮರುದಿನ ಅವಳು ಮೊದಲು ತನ್ನ ಕಡೆಯನ್ನೇ ಶೋಧಿಸಿದಳು. ಡ್ರೈವಿನೊಳಗೆ ತುಂಬಿಸಿದ ಅಂಕಿಗಳನ್ನು ಮೋಟರಿನ ಮೈಮೇಲಿನ ತಗಡಿನ ಅಂಕಿಗಳೊಂದಿಗೆ ಒಂದೊಂದಾಗಿ ತಾಳೆ ನೋಡಿದಳು. ಅರವತ್ತಾರು ಆಂಪಿಯರ್ ಎಂದು ತಗಡು ಹೇಳುತ್ತಿತ್ತು, ಡ್ರೈವಿನಲ್ಲೂ ಅಷ್ಟೇ ಇತ್ತು. ಪಂಪು ಓಡುವಾಗ ಮೂರೂ ತಂತಿಗಳಿಗೆ ಮೀಟರಿನ ಕೊಂಡಿ ಹಾಕಿದಳು. ಮೂರರಲ್ಲೂ ಎಪ್ಪತ್ಮೂರು. ಯಾವಾಗಲೂ ಅರವತ್ತರ ಆಸುಪಾಸಿನಲ್ಲಿರುತ್ತಿದ್ದದ್ದು ಎಪ್ಪತ್ಮೂರು! ಆದರೆ ಮೂರೂ ಸಮ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ಅಂದರೆ ಬರುವ ಕರೆಂಟಿನಲ್ಲಿ ದೋಷವಿಲ್ಲ. ಮಿತಿಗಿಂತ ಸ್ವಲ್ಪವೇ ಹೆಚ್ಚಿದ್ದರಿಂದ ಡ್ರೈವು ಕೂಡಲೇ ನಿಲ್ಲಿಸದೆ ಇಪ್ಪತ್ತು ನಿಮಿಷ ತಾಳಿಕೊಳ್ಳುತ್ತಿತ್ತು.

ಪಂಪು ನಿಂತ ಮೇಲೆ ಮೇನ್ ತೆಗೆದು, ಡ್ರೈವಿನ ಒಳಗೆ ಉಳಿದ ಕರೆಂಟು ಇಳಿಯಲೆಂದು ಹತ್ತು ನಿಮಿಷ ಕಾದು, ತಂತಿ ಬಿಚ್ಚಿ, ಮೋಟರಿನ ಸುರುಳಿಗಳನ್ನು ಪರೀಕ್ಷಿಸಿದಳು. ಗಟ್ಟಿಮುಟ್ಟಾಗಿದ್ದವು. ಕೊನೆಗೆ ಮೈದುನನಿಗೆ ಕಣ್ಸನ್ನೆ ಮಾಡಿದಳು. ಅವನು ಮೋಟರಿಗೂ ಪಂಪಿಗೂ ನಡುವಿನ ಕಪ್ಲಿಂಗನ್ನು ಬಿಚ್ಚಿದ. ತಂತಿ ಮತ್ತೆ ಜೋಡಿಸಿ ಬರೀ ಮೋಟರನ್ನು ಓಡಿಸಿದಳು. ಇಪ್ಪತ್ತೆರಡು ಆಂಪಿಯರ್. ಖಾಲಿ ಮೋಟರು ಎಳೆಯಬೇಕಾದ್ದೂ ಅಷ್ಟೇ. ಅರ್ಧ ಗಂಟೆ ಆದರೂ ಬೆಚ್ಚಗಾಗಲಿಲ್ಲ.

“ನನ್ನ ಕಡೆ ಶುದ್ಧ,” ಎಂದಳು. ದನಿಯಲ್ಲಿ ಗೆದ್ದ ಸದ್ದು ಬರಬಾರದೆಂದು ಬಹಳ ಕಷ್ಟಪಟ್ಟಳು. ಆದರೂ ಸ್ವಲ್ಪ ಬಂತು.

ಮೈದುನನ ಮುಖ ಸಣ್ಣಗಾಯಿತು. ಪಂಪಿನ ಶಾಫ್ಟಿಗೆ ಕೈ ಹಾಕಿ ತಿರುಗಿಸಿದ. ಅದು ಬೆಣ್ಣೆಯ ಹಾಗೆ ತಿರುಗಿತು. ಅವಳನ್ನು ಕರೆದು, “ನೀವೇ ತಿರುಗಿಸಿ,” ಎಂದ. ಅವಳ ಎರಡು ಬೆರಳಿಗೂ ತಿರುಗಿತು. ಅಷ್ಟಕ್ಕೇ ಬಿಡದೆ ಮಧ್ಯಾಹ್ನದವರೆಗೂ ಕೂತು ಪಂಪಿನ ಹೊಟ್ಟೆಯನ್ನೇ ಬಿಚ್ಚಿದ. ನೀರು ತಳ್ಳುವ ಚಕ್ರದಲ್ಲಿ ಕಸವಿಲ್ಲ, ಬಟ್ಟೆಚೂರಿಲ್ಲ, ಬೇರಿಂಗಿನಲ್ಲಿ ಅಲುಗಾಟವಿಲ್ಲ. ಎಲ್ಲ ಒರೆಸಿ, ಜೋಡಿಸಿ, ಕೈ ತೊಳೆದು ಬಂದು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತ.

“ನನ್ನ ಕಡೆಯೂ ಶುದ್ಧ,” ಎಂದ. ಅವನ ದನಿಯಲ್ಲೂ ಸ್ವಲ್ಪ ಬಂತು.

ಇಬ್ಬರೂ ಸರಿ. ಪಂಪು ಮಾತ್ರ ತಪ್ಪು. ಇದಕ್ಕಿಂತ ಒಬ್ಬರದು ತಪ್ಪಾಗಿದ್ದರೇ ಚೆನ್ನಾಗಿತ್ತು ಎಂದು ಕರೆಂಟಕ್ಕನಿಗೆ ಅನ್ನಿಸಿತು. ಜಗಳವಾಡಲು ಒಂದು ಕಾರಣವಾದರೂ ಇರುತ್ತಿತ್ತು.

ಆ ಹೊತ್ತಿಗೆ ಎಂಜಿನಿಯರ್ ಬಂದ. ವಯಸ್ಸಿನಲ್ಲಿ ಚಿಕ್ಕವನು, ಒಳ್ಳೆಯವನು, ದಿಬ್ಬದವರ ಫೋನಿಗೆ ಉತ್ತರ ಕೊಟ್ಟು ಕೊಟ್ಟು ಸೋತಿದ್ದ.

“ಅಕ್ಕಾ, ಒಂದು ಕೆಲಸ ಮಾಡೋಣ. ಡ್ರೈವಲ್ಲಿ ಅರವತ್ತಾರು ಅಂತ ಇರೋದನ್ನ ಎಪ್ಪತ್ತೈದು ಮಾಡಿಬಿಡಿ. ಟ್ರಿಪ್ ಆಗಲ್ಲ. ಸದ್ಯಕ್ಕೆ ನೀರಾದ್ರೂ ಹೋಗಲಿ.”

“ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗಾಗುತ್ತೆ ಸರ್. ಡ್ರೈವು ಸುಮ್ಮನಾಗುತ್ತೆ, ಮೋಟರು ಸುಡುತ್ತೆ. ಆಮೇಲೆ ದಿಬ್ಬದವರಿಗೆ ಇಪ್ಪತ್ತು ನಿಮಿಷದ ನೀರೂ ಇರಲ್ಲ. ನಾನಂತೂ ಮಾಡಲ್ಲ.”

ಎಂಜಿನಿಯರ್ ಹಣೆ ಉಜ್ಜಿಕೊಂಡ. ಮೈದುನ ಗಂಟಲು ಸರಿಮಾಡಿಕೊಂಡು, “ಅತ್ತಿಗೆ ಹೇಳ್ತಿರೋದು ಸರಿ ಸರ್,” ಎಂದ. ಹತ್ತು ದಿನದಲ್ಲಿ ಮೊದಲ ಸಲ ಅವನು ಅವಳ ಪರ ನಿಂತದ್ದು. “ನಾಳೆ ಸಂಜೆಯವರೆಗೆ ಸಮಯ ಕೊಡಿ.”

ಎಂಜಿನಿಯರ್ ಒಪ್ಪಿ ಹೋದ. ಕರೆಂಟಕ್ಕ ಪಂಪನ್ನು ಮತ್ತೆ ಚಾಲೂ ಮಾಡಿ, ವೇಗ ಸ್ವಲ್ಪ ತಗ್ಗಿಸಿದಳು. ಕರೆಂಟು ಇಳಿಯಿತು, ಆದರೆ ಆ ವೇಗಕ್ಕೆ ನೀರು ದಿಬ್ಬ ಹತ್ತುವುದಿಲ್ಲ. ಮತ್ತೆ ಏರಿಸಿದಳು. ಎಪ್ಪತ್ಮೂರು. ಅಷ್ಟರಲ್ಲಿ ಮೈದುನ ಎದ್ದು, ಪಂಪಿನಿಂದ ಹೊರಟ ಪೈಪಿನ ದೊಡ್ಡ ವಾಲ್ವಿನ ಚಕ್ರ ಹಿಡಿದು ನಿಧಾನವಾಗಿ ಮುಚ್ಚತೊಡಗಿದ.

“ಏನು ಮಾಡ್ತಿದೀಯ? ಈಗಲೇ ಅದಕ್ಕೆ ಹೊರೆ ಜಾಸ್ತಿ, ಬಾಯಿ ಬೇರೆ ಮುಚ್ಚಿದ್ರೆ ಉಸಿರು ಕಟ್ಟುತ್ತೆ,” ಎಂದಳು.

“ಮೀಟರು ನೋಡ್ತಾ ಇರಿ.”

ನೋಡಿದಳು. ಎಪ್ಪತ್ತು. ಅರವತ್ತಾರು. ಅರವತ್ತು. ಐವತ್ತೆಂಟು. ಅವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

“ಇದು ತಲೆಕೆಳಗಾಯ್ತಲ್ಲ?”

“ಇಲ್ಲ ಅತ್ತಿಗೆ, ಇದು ಹೀಗೇ. ಬಾಯಿ ಕಿರಿದು ಮಾಡಿದ್ರೆ ಚಕ್ರ ಒಳಗಿರೋ ನೀರನ್ನೇ ಸುತ್ತಿಸ್ತಾ ಕೂರುತ್ತೆ, ಹಗುರ. ಬಾಯಿ ಹಾರುಹೊಡೆದಿದ್ರೆ ಕ್ಷಣಕ್ಷಣಕ್ಕೂ ಹೊಸ ನೀರು ಎತ್ತಿ ಎಸೀಬೇಕು, ಭಾರ. ನೀರು ಎಷ್ಟು ಸಲೀಸಾಗಿ ಹೋಗುತ್ತೋ ಪಂಪಿಗೆ ಅಷ್ಟು ದುಡಿತ.”

“ಇಪ್ಪತ್ತೆರಡು ವರ್ಷದಲ್ಲಿ ಇದನ್ನ ನನಗೆ ಒಂದು ದಿನವೂ ಹೇಳಲಿಲ್ಲವಲ್ಲೋ.”

“ನೀವು ಕೇಳಲಿಲ್ಲವಲ್ಲ.”

ಕರೆಂಟಕ್ಕ ಸ್ಟೂಲಿನಿಂದ ಎದ್ದಳು. ತಲೆಯೊಳಗೆ ಏನೋ ಒಂದು ತಂತಿ ಇನ್ನೊಂದಕ್ಕೆ ಸೇರಿದ ಹಾಗಾಯಿತು. “ಹಾಗಾದ್ರೆ ನಮ್ಮ ಪಂಪು ಕಷ್ಟಕ್ಕೆ ಟ್ರಿಪ್ ಆಗ್ತಿಲ್ಲ. ಸುಖಕ್ಕೆ ಆಗ್ತಿದೆ. ನೀರು ಎಲ್ಲೋ ಸಲೀಸಾಗಿ ಹೋಗ್ತಿದೆ. ಟ್ಯಾಂಕಿಗಂತೂ ಅಲ್ಲ, ಪಂಪು ಓಡುವಾಗಲೂ ಅಲ್ಲಿಗೆ ಬರೋದು ಸಣ್ಣ ಧಾರೆ ಅಂತಿದಾರೆ.”

“ಆದ್ರೆ ಪೈಪು ಸೋರ್ತಿದ್ರೆ ಒತ್ತಡ ಇಳೀಬೇಕಿತ್ತು, ಅದು ಸರಿ ಇದೆಯಲ್ಲ?” ಮೈದುನ ಪೈಪಿನ ಮೇಲಿನ ಪ್ರೆಷರ್ ಗೇಜಿನತ್ತ ಬೆರಳು ತೋರಿದ. ಮುಳ್ಳು ಎಂದಿನ ಜಾಗದಲ್ಲೇ ಇತ್ತು.

“ಪಂಪು ನಿಲ್ಲಿಸ್ತೀನಿ, ನೋಡು.”

ನಿಲ್ಲಿಸಿದಳು. ಮುಳ್ಳು ಅಲ್ಲಾಡಲಿಲ್ಲ. ನಿಂತ ಪಂಪಿಗೂ ಓಡುವ ಪಂಪಿಗೂ ಅದು ಒಂದೇ ಲೆಕ್ಕ ಹೇಳುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೈದುನ ಗೇಜನ್ನು ಕಳಚಿದ. ಅದರ ಬಾಯಿಗೆ ತುಕ್ಕು ಗಚ್ಚಿನ ಹಾಗೆ ಮೆತ್ತಿಕೊಂಡಿತ್ತು. ಸೂಜಿಯಿಂದ ಕೆದಕಿ, ತೊಳೆದು, ತಿರುಗಿ ಹಾಕಿ, ಪಂಪು ಚಾಲೂ ಮಾಡಿ, ವಾಲ್ವು ಪೂರ್ತಿ ತೆರೆದು ನೋಡಿದರೆ ಒತ್ತಡ ಇರಬೇಕಾದ್ದಕ್ಕಿಂತ ಎಷ್ಟೋ ಕೆಳಗಿತ್ತು. ಪಂಪ್‌ಹೌಸಿಗೂ ದಿಬ್ಬಕ್ಕೂ ನಡುವೆ, ಎರಡು ಮೈಲಿ ಪೈಪಿನಲ್ಲಿ, ಎಲ್ಲೋ ದೊಡ್ಡ ತೂತು.

ಮಾರನೆಯ ದಿನ ಬೆಳಕು ಹರಿಯುತ್ತಲೇ, ಪಂಪನ್ನು ಟ್ರಿಪ್ ಆಗದಷ್ಟು ತಗ್ಗಿದ ವೇಗದಲ್ಲಿ ಓಡಲು ಬಿಟ್ಟು, ಇಬ್ಬರೂ ಪೈಪಿನ ಗುಂಟ ನಡೆದುಕೊಂಡು ಹೊರಟರು. ಮೈದುನನ ಕೈಯಲ್ಲಿ ಕಬ್ಬಿಣದ ಸಲಾಕೆ. ನೂರು ಹೆಜ್ಜೆಗೊಮ್ಮೆ ಅದನ್ನು ನೆಲಕ್ಕೆ ಊರಿ, ನೀರು ಸೋರುವ ಸದ್ದು ಕೇಳಿಸೀತೆಂದು ತುದಿಗೆ ಕಿವಿ ಹಚ್ಚುತ್ತಿದ್ದ. ಹಾಲು ಹಾಕುವವನೊಬ್ಬ ಸೈಕಲ್ ನಿಲ್ಲಿಸಿ, “ಭೂಮಿತಾಯಿ ಏನಂತಾಳೆ?” ಎಂದು ಕೇಳಿದ. “ಇನ್ನೂ ನಿದ್ದೆಯಲ್ಲಿದಾಳೆ,” ಎಂದ ಮೈದುನ. ರಸ್ತೆ ಎಲ್ಲೂ ಒದ್ದೆಯಿರಲಿಲ್ಲ. ಗೋಡೆಗಳ ಬುಡ ಒಣಗಿತ್ತು. ಶಾಲೆಯ ಮುಂದೆ, ಮರದ ಅಡ್ಡೆಯ ಮುಂದೆ, ಬಸ್ಸು ನಿಲ್ಲುವ ಜಾಗದಲ್ಲಿ ಏನೂ ಇಲ್ಲ.

ಪೈಪು ಮೋರಿಯನ್ನು ದಾಟುವ ತಗ್ಗಿಗೆ ಬಂದಾಗ ಇಬ್ಬರಿಗೂ ಒಟ್ಟಿಗೇ ಕೇಳಿಸಿದ್ದು ಬಾತುಕೋಳಿಗಳ ಗಲಾಟೆ. ಮಳೆನೀರು ಹರಿಯಲೆಂದು ಕಟ್ಟಿದ ಅಗಲವಾದ ಮೋರಿ ಅದು. ಬೇಸಿಗೆಯಲ್ಲಿ ಅದರ ತಳದಲ್ಲಿ ಇರುತ್ತಿದ್ದದ್ದು ಕಪ್ಪು ಕೆಸರು. ಈಗ ನೋಡಿದರೆ ಮೊಣಕಾಲುದ್ದ ತಿಳಿನೀರು. ಹದಿನೈದಿಪ್ಪತ್ತು ಬಾತುಕೋಳಿಗಳು ಮದುವೆಮನೆಗೆ ಬಂದವರ ಹಾಗೆ ಸಡಗರದಲ್ಲಿ ಮುಳುಗೇಳುತ್ತಿದ್ದವು. ದಡದ ಕಲ್ಲಿನ ಮೇಲೆ ಅವುಗಳ ಒಡತಿ, ಅರವತ್ತು ದಾಟಿದ ದಪ್ಪನೆಯ ಹೆಂಗಸು, ಕಾಲು ಇಳಿಬಿಟ್ಟು ಕೂತಿದ್ದಳು.

“ಎಷ್ಟು ದಿನ ಆಯ್ತಮ್ಮಾ ಈ ನೀರು?” ಮೈದುನ ಕೇಳಿದ.

“ಹದಿಮೂರು, ಹದಿನಾಲ್ಕು ದಿನ ಆಯ್ತಪ್ಪ. ಮೊದಲು ಸ್ವಲ್ಪ ಬರ್ತಿತ್ತು, ಈಗ ಚೆನ್ನಾಗಿ ಬರುತ್ತೆ. ಆದ್ರೆ ಇಪ್ಪತ್ತು ನಿಮಿಷ ಬಂದು ನಿಂತುಬಿಡುತ್ತೆ ನೋಡು, ಅದೊಂದೇ ಬೇಜಾರು. ನೀವು ನೀರಿನವರಾ? ಯಾರಿಗಾದ್ರೂ ಹೇಳಿ ಅದನ್ನ ಸರಿಮಾಡಿಸಿ.”

ಮೈದುನ ನಗು ತಡೆಯಲಾರದೆ ಅತ್ತ ತಿರುಗಿದ. ಕರೆಂಟಕ್ಕ ಮಾತ್ರ ನಗಲಿಲ್ಲ. ಅವಳ ಕಣ್ಣು ಮೋರಿಯ ಪಕ್ಕದ ಕಬ್ಬಿಣದ ಮುಚ್ಚಳದ ಮೇಲೆ ನೆಟ್ಟಿತ್ತು. ಆ ಮುಚ್ಚಳದ ಕೆಳಗೆ ಇದ್ದದ್ದು ಲೈನ್ ಖಾಲಿ ಮಾಡುವ ವಾಲ್ವು. ಪೈಪಿನ ಅತಿ ತಗ್ಗಿನ ಜಾಗ ಅದು. ದುರಸ್ತಿಗೆ ಮುಂಚೆ ಅಲ್ಲಿ ವಾಲ್ವು ತೆರೆದು ಇಡೀ ಲೈನಿನ ನೀರನ್ನು ಮೋರಿಗೆ ಬಿಡುತ್ತಾರೆ, ಕೆಲಸ ಮುಗಿದ ಮೇಲೆ ಮುಚ್ಚುತ್ತಾರೆ. ಪಂಪಿಗೆ ಹೊಸ ಪ್ಯಾಕಿಂಗ್ ಹಾಕಿದ ದಿನವೇ ಪಂಪಿನ ಆಚೆಯ ಪೈಪಿನಲ್ಲೂ ಒಂದು ವಾಷರ್ ಬದಲಿಸುವುದಿತ್ತು. ಬೆಳಿಗ್ಗೆ ವಾಲ್ವು ತೆರೆದವನು ಮೈದುನನೇ. ಆದರೆ ಕೆಲಸ ಮುಗಿಯುವ ಹೊತ್ತಿಗೆ, ಅವನ ಮಗಳು ಜಾರುಬಂಡೆಯಿಂದ ಬಿದ್ದು ಕೈ ಉಳುಕಿಸಿಕೊಂಡಿದ್ದಾಳೆಂದು ಶಾಲೆಯಿಂದ ಫೋನು ಬಂದಿತ್ತು.

“ಅವತ್ತು ಇದನ್ನ ಮುಚ್ಚಿದ್ದು ನಾನು,” ಎಂದಳು ಕರೆಂಟಕ್ಕ.

ಮೈದುನ ತಿರುಗಿ ನೋಡಿದ.

“‘ನೀನು ಹೋಗು, ಉಳಿದದ್ದು ನಾನು ನೋಡ್ಕೋತೀನಿ’ ಅಂದಿದ್ದೆ. ಇಲ್ಲಿಗೆ ಬಂದು ತಿರುಗಿಸಿದೆ. ಬಿಗಿಯಾಗಿ ನಿಂತಿತು, ಆಯ್ತು ಅಂದುಕೊಂಡೆ.”

ಅವನು ಮುಚ್ಚಳ ಎತ್ತಿ ಗುಂಡಿಗೆ ಇಳಿದ. ಉದ್ದನೆಯ ಕೀಲಿ ಹಾಕಿ ಮುಚ್ಚುವ ಕಡೆಗೆ ತಿರುಗಿಸಿದ. ಅರ್ಧ ಸುತ್ತಿಗೇ ಗಟ್ಟಿಯಾಗಿ ನಿಂತಿತು. ಪೂರ್ತಿ ತೆರೆದು, ನೀರು ನುಗ್ಗಿ ಹೋಗಲು ಬಿಟ್ಟು, ಮತ್ತೆ ಮುಚ್ಚಿದ. ಎರಡನೇ ಸಲ ಹೀಗೆ ಮಾಡಿದಾಗ ಮೋರಿಯ ಕಡೆ ನೀರಿನ ಜೊತೆ ಠಣ್ಣೆಂದು ಒಂದು ಕಲ್ಲು ಬಂದು ಬಿತ್ತು. ನಿಂಬೆಹಣ್ಣಿನ ಗಾತ್ರದ್ದು. ಒಂದು ಬಾತುಕೋಳಿ ಅದನ್ನು ಕೊಕ್ಕಿನಿಂದ ಪರೀಕ್ಷಿಸಿ ಬಿಟ್ಟಿತು. ಆಮೇಲೆ ವಾಲ್ವು ಸುತ್ತಿನ ಮೇಲೆ ಸುತ್ತು ಹಾಕುತ್ತಾ ಕೆಳಗಿಳಿಯಿತು. ಮೈದುನ ಹನ್ನೊಂದು ಸುತ್ತು ಎಣಿಸಿದ, ಪೂರ್ತಿ ಮುಚ್ಚಲು ಬೇಕಾದಷ್ಟು. ಮೋರಿಗೆ ಬೀಳುತ್ತಿದ್ದ ನೀರು ಬೆರಳಷ್ಟಾಯಿತು, ದಾರದಷ್ಟಾಯಿತು, ನಿಂತಿತು.

“ವಾಲ್ವಿನ ಬಾಯಲ್ಲಿ ಕಲ್ಲು ಸಿಕ್ಕಿಕೊಂಡಿತ್ತು,” ಎಂದ ಗುಂಡಿಯಿಂದ ಏಳುತ್ತಾ. “ಯಾರು ತಿರುಗಿಸಿದ್ರೂ ಮುಚ್ಚಿತು ಅಂತಲೇ ಅನ್ನಿಸ್ತಿತ್ತು. ಅದರ ಸುತ್ತಲಿನ ಕೆಸರು ಕೊಚ್ಚಿಹೋದ ಹಾಗೆಲ್ಲ ನೀರು ಜಾಸ್ತಿಯಾಗಿದೆ.”

“ನಿನಗೆ ಅನ್ನಿಸ್ತಿರಲಿಲ್ಲ. ನೀನು ಸುತ್ತು ಎಣಿಸ್ತೀಯ.”

ಅವನು ಮಣ್ಣಾದ ಕೈಯನ್ನು ಹುಲ್ಲಿಗೆ ಒರೆಸಿಕೊಂಡ. “ಅದೂ ನಿಜ,” ಎಂದ. “ಅತ್ತಿಗೆ, ಪಂಪ್‌ಹೌಸಿನ ಪುಸ್ತಕದಲ್ಲಿ ‘ವಾಲ್ವು ಕೆಟ್ಟಿತ್ತು, ಸರಿಪಡಿಸಲಾಯಿತು’ ಅಂತ ಬರೀರಿ ಸಾಕು. ಅವತ್ತು ನೀವು ಇಲ್ಲಿಗೆ ಬಂದದ್ದು ನನ್ನ ಮಗಳಿಗೋಸ್ಕರ.”

“ಹತ್ತು ದಿನ ನಿನ್ನ ಪ್ಯಾಕಿಂಗಿನ ಮೇಲೆ ಗೂಬೆ ಕೂರಿಸಿದೀನಿ. ಈಗ ಅದನ್ನ ವಾಲ್ವಿನ ಮೇಲೆ ಕೂರಿಸಲಾ?”

ಬಾತುಕೋಳಿ ಒಡತಿ ಇವರಿಬ್ಬರನ್ನೂ ನೋಡುತ್ತಿದ್ದಳು. ನೀರು ನಿಂತದ್ದು ಅವಳಿಗೆ ನಿಧಾನವಾಗಿ ತಿಳಿಯಿತು. “ಸರಿಮಾಡಿ ಅಂದ್ರೆ ನಿಲ್ಲಿಸಿಯೇ ಬಿಟ್ರಾ?” ಎಂದಳು. ಕೋಪವಿರಲಿಲ್ಲ, ಸುಮ್ಮನೆ ಪೆಚ್ಚಾಗಿದ್ದಳು. ಕರೆಂಟಕ್ಕ ಅವಳ ಪಕ್ಕ ಕೂತು, ದಿಬ್ಬದ ಮೇಲಿನ ಮನೆಗಳನ್ನು ತೋರಿಸಿ, ಈ ನೀರು ಯಾರದೆಂದು ಹೇಳಿದಳು. ಹೆಂಗಸು ಕೇಳಿಸಿಕೊಂಡು, “ಹಾಗಾದ್ರೆ ಹೋಗಲಿ ಬಿಡು. ಅಲ್ಲೂ ಮಕ್ಕಳುಮರಿ ಇರ್ತವೆ,” ಎಂದಳು.

ಪಂಪ್‌ಹೌಸಿಗೆ ಬಂದಾಗ ಹತ್ತು ಗಂಟೆ. ಕರೆಂಟಕ್ಕ ಪಂಪಿನ ವೇಗವನ್ನು ಎಂದಿನಷ್ಟಕ್ಕೆ ಏರಿಸಿದಳು. ಗೇಜಿನ ಮುಳ್ಳು ಏರಿ ಎಂದಿನ ಜಾಗಕ್ಕೆ ಬಂದು, ಈ ಸಲ ಸಣ್ಣಗೆ ನಡುಗುತ್ತಾ ನಿಂತಿತು. ಅರವತ್ತು ಆಂಪಿಯರ್. ಇಬ್ಬರೂ ಸ್ಟೂಲು ಎಳೆದುಕೊಂಡು ಡ್ರೈವಿನ ಮುಂದೆ ಕೂತರು. ಹತ್ತು ನಿಮಿಷ ಆಯಿತು, ಹದಿನೈದಾಯಿತು. ಹತ್ತೊಂಬತ್ತಕ್ಕೆ ಇಬ್ಬರೂ ಕೆಂಪು ದೀಪದ ಮೇಲೆ ಕಣ್ಣು ನೆಟ್ಟರು. ಇಪ್ಪತ್ತು ಬಂತು, ಹೋಯಿತು. ಇಪ್ಪತ್ತೈದಕ್ಕೆ ಮೈದುನ ಚಹಾ ತಂದ. ನಲವತ್ತಕ್ಕೆ ಅವನು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಕರೆಂಟಕ್ಕ ಮೋಟರಿನ ಮೈಮೇಲೆ ಅಂಗೈ ಇಟ್ಟು ನೋಡಿದಳು. ಬೆಚ್ಚಗೆ, ಆರೋಗ್ಯವಂತರ ಹಣೆಯ ಹಾಗೆ. ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಧ್ಯಾಹ್ನ ದಿಬ್ಬದಿಂದ ಒಂದೇ ಒಂದು ಫೋನು ಬಂತು: ಟ್ಯಾಂಕು ತುಂಬಿ ಸುರಿಯುತ್ತಿದೆ, ದಯವಿಟ್ಟು ನಿಲ್ಲಿಸಿ.

ಅವಳು ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದಳು. ವಾಲ್ವು ಮುಚ್ಚಿದವಳು ತಾನು, ಸುತ್ತು ಎಣಿಸಲಿಲ್ಲ, ಒಳಗೆ ಕಲ್ಲಿತ್ತು, ಫಿಟ್ಟರನ ಪ್ಯಾಕಿಂಗಿನಲ್ಲಿ ದೋಷವಿರಲಿಲ್ಲ. ಮರುದಿನ ಎಂಜಿನಿಯರ್ ಅದನ್ನು ನಿಂತಲ್ಲೇ ಎರಡು ಸಲ ಓದಿದ. ಬೈಗುಳ ಬಂದರೆ ಬರಲಿ ಎಂದು ಅವಳು ಸೆರಗು ಸರಿಮಾಡಿಕೊಂಡು ನಿಂತಿದ್ದಳು.

“ಈ ವಾಲ್ವನ್ನ ತಿಂಗಳಿಗೊಂದು ಸಲ ತೆರೆದು ಲೈನ್ ತೊಳೀಬೇಕು ಅಂತ ನಿಯಮ ಇದೆಯಲ್ಲ ಅಕ್ಕಾ?” ಎಂದು ಕೇಳಿದ.

“ಇದೆ ಸರ್.”

“ಕೊನೆಗೆ ತೊಳೆದದ್ದು ಯಾವಾಗ?”

ಕರೆಂಟಕ್ಕ ಮೈದುನನನ್ನು ನೋಡಿದಳು, ಮೈದುನ ಛಾವಣಿಯನ್ನು ನೋಡಿದ. ಯಾರಿಗೂ ನೆನಪಿರಲಿಲ್ಲ.

“ತೊಳೆದಿದ್ರೆ ಕಲ್ಲು ಅಲ್ಲಿ ಕೂರ್ತಿರಲಿಲ್ಲ. ಅದನ್ನ ಮಾಡಿಸಬೇಕಾದವನು ನಾನು,” ಎಂದ ಎಂಜಿನಿಯರ್. ಪೆನ್ನು ತೆಗೆದು ಅವಳ ಬರಹದ ಕೆಳಗೆ ತಾನೂ ಒಂದು ಸಾಲು ಬರೆದು ಸಹಿ ಹಾಕಿದ. “ಇನ್ನು ತಿಂಗಳ ಮೊದಲ ಸೋಮವಾರ ತೊಳೀರಿ. ಇಬ್ಬರೂ ಒಟ್ಟಿಗೆ ಹೋಗಿ.”

ತಿಂಗಳಿಗೊಮ್ಮೆ ಮೋರಿಗೆ ನೀರು ಬರುವ ಈ ಸುದ್ದಿಯನ್ನು ಬಾತುಕೋಳಿ ಒಡತಿಗೆ ಮುಟ್ಟಿಸುತ್ತೇನೆಂದು ಮೈದುನ ಊಟದ ಬಿಡುವಿನಲ್ಲಿ ಸ್ಕೂಟರು ಹತ್ತಿ ಹೋದ. ಮರಳಿ ಬಂದಾಗ ಹೆಲ್ಮೆಟ್ಟು ತಲೆಯ ಮೇಲಿರಲಿಲ್ಲ. ಎರಡೂ ಕಾಲ ನಡುವೆ ಭದ್ರವಾಗಿ ಇಟ್ಟುಕೊಂಡಿದ್ದ. ಅದರೊಳಗೆ ಹುಲ್ಲಿನ ಮೇಲೆ ಆರು ಬಾತುಕೋಳಿ ಮೊಟ್ಟೆ.

“ಬೇಡ ಅಂದೆ ಅತ್ತಿಗೆ, ಕೇಳಲೇ ಇಲ್ಲ. ಸೋಮವಾರ ಎಷ್ಟು ಗಂಟೆಗೆ ಬರ್ತೀರಿ ಅಂತ ಮೂರು ಸಲ ಕೇಳಿದಳು.”

“ನೀನು ಎಷ್ಟು ಗಂಟೆಗೆ ಅಂದೆ?”

“ಏಳಕ್ಕೆ. ಏಳಕ್ಕೆ ಅವು ಗೂಡಿನಿಂದ ಹೊರಗೆ ಬರ್ತವಂತೆ.”

ಕರೆಂಟಕ್ಕ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೋಟರಿನ ಬಿಸಿ ತಾಗದ ಕಡೆ, ಕಿಟಕಿಯ ಕೆಳಗಿನ ತಂಪು ಕಲ್ಲಿನ ಮೇಲೆ ಇಟ್ಟಳು. ಆಮೇಲೆ ಮೈದುನನಿಗೆ ಸ್ಟೂಲು ಎಳೆದುಕೊಟ್ಟು, ಡ್ರೈವಿನ ಪರದೆಯ ಮೇಲಿನ ಅಂಕಿಗಳಲ್ಲಿ ಯಾವುದು ಏನು ಹೇಳುತ್ತದೆಂದು ಮೊದಲಿನಿಂದ ಹೇಳಿಕೊಡಲು ಶುರುಮಾಡಿದಳು. ಅವನು ಈ ಸಲ ಎಲ್ಲವನ್ನೂ ಕೇಳಿದ, ಕೆಲವನ್ನು ಎರಡೆರಡು ಸಲ.